ಒಲೆ, ಹೊಗೆ ಮತ್ತು ಹೊಣೆ: ಕಲ್ಲಿದ್ದಲು ವಿದ್ಯುತ್ತಿನ ಶುದ್ಧೀಕರಣದಲ್ಲಿ ಸಹಭಾಗಿತ್ವ

ಕಡಿಮೆ ಸೌದೆಯಲ್ಲಿ ಹೆಚ್ಚು ಅಡುಗೆ, ಕಡಿಮೆ ಹೊಗೆ ಎಂಬುದು ಗ್ರಾಮೀಣ ಅಡುಗೆಮನೆಯ ಹಳೆಯ ಬೇಡಿಕೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭಗೊಂಡ ‘ಅಸ್ತ್ರ’ ವಿಭಾಗವು ರೂಪಿಸಿದ ಅಸ್ತ್ರ ಒಲೆ ಈ ಬೇಡಿಕೆಗೆ ವಿಜ್ಞಾನ ನೀಡಿದ ಉತ್ತರವಾಗಿತ್ತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೂ ಮೂಲತಃ ಒಂದು ಬೃಹತ್ ಒಲೆಯೇ. ಆದರೆ ಅಡುಗೆಮನೆಯಲ್ಲಿ ಒಲೆ ಉರಿಸುವವರೇ ಹೊಗೆ ಕುಡಿಯುತ್ತಾರೆ. ಸ್ಥಾವರದ ಸಂದರ್ಭದಲ್ಲಿ ಬೆಳಕು ಪಡೆಯುವವರು ಒಂದೆಡೆ, ಬೂದಿಯನ್ನು ಸಹಿಸುವವರು ಇನ್ನೊಂದೆಡೆ ಇರುತ್ತಾರೆ. ಸರ್ಕಾರ ಮತ್ತು ಉದ್ಯಮಗಳ ಸಹಭಾಗಿತ್ವವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

ನೀರು 374 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ವಾಯುಭಾರದ ಸುಮಾರು 218ರಷ್ಟು ಒತ್ತಡವನ್ನೂ ದಾಟಿದಾಗ ದ್ರವ ಮತ್ತು ಆವಿಗಳ ಭೇದ ಅಳಿಯುತ್ತದೆ. ಈ ಸ್ಥಿತಿಯ ಆಚೆಗೆ ಕೆಲಸಮಾಡುವ ಸ್ಥಾವರವನ್ನು ‘ಸೂಪರ್‌ಕ್ರಿಟಿಕಲ್’ ಎನ್ನುತ್ತಾರೆ. ಉಷ್ಣತೆ ಏರಿದಂತೆ ಅದೇ ವಿದ್ಯುತ್ತಿಗೆ ಬೇಕಾದ ಕಲ್ಲಿದ್ದಲು ಕಡಿಮೆಯಾಗುತ್ತದೆ. ಅದಕ್ಕನುಗುಣವಾಗಿ ಇಂಗಾಲದ ಡೈಆಕ್ಸೈಡ್ ಕೂಡ ತಗ್ಗುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ರಾಯಚೂರು ಜಿಲ್ಲೆಯ ಯರಮರಸ್ ನಿದರ್ಶನವಾಗಿದೆ. ಕರ್ನಾಟಕ ವಿದ್ಯುತ್ ನಿಗಮ ಹಾಗೂ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ (ಬಿ.ಎಚ್.ಇ.ಎಲ್.) ಜಂಟಿಯಾಗಿ 2009ರಲ್ಲಿ ಸ್ಥಾಪಿಸಿದ ರಾಯಚೂರು ಪವರ್ ಕಾರ್ಪೊರೇಷನ್ ಇಲ್ಲಿ ತಲಾ 800 ಮೆಗಾವಾಟ್‌ನ ಎರಡು ಸೂಪರ್‌ಕ್ರಿಟಿಕಲ್ ಘಟಕಗಳನ್ನು ನಿರ್ಮಿಸಿತು. ಯಂತ್ರ ತಯಾರಕರೇ ಸ್ಥಾವರದ ಪಾಲುದಾರರಾದದ್ದು ಗಮನಾರ್ಹ.

ಮುಂದಿನ ಹೆಜ್ಜೆ ಇನ್ನಷ್ಟು ಕಠಿಣವಾದುದು. ಉಗಿಯನ್ನು 700 ಡಿಗ್ರಿಗೂ ಮೀರಿ ಕಾಯಿಸಿದರೆ ಸಾಮಾನ್ಯ ಉಕ್ಕು ತಾಳಲಾರದು. ನಿಕ್ಕಲ್ ಮಿಶ್ರಲೋಹಗಳು ಬೇಕು. ಇದಕ್ಕಾಗಿ ಬಿ.ಎಚ್.ಇ.ಎಲ್., ಎನ್.ಟಿ.ಪಿ.ಸಿ. ಹಾಗೂ ಕಲ್ಪಾಕ್ಕಮ್‌ನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರಗಳು ಒಂದಾದವು. 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿದ 1554 ಕೋಟಿ ರೂಪಾಯಿಗಳ ಈ ಯೋಜನೆಯಲ್ಲಿ 900 ಕೋಟಿ ನೇರವಾಗಿ ಸರ್ಕಾರದ ಬಜೆಟ್ ನೆರವಾಗಿತ್ತು, ಬಿ.ಎಚ್.ಇ.ಎಲ್.ನ ಪಾಲು 270 ಕೋಟಿ, ಎನ್.ಟಿ.ಪಿ.ಸಿ.ಯದು 50 ಕೋಟಿ. 2024ರ ಜುಲೈ ಬಜೆಟ್ ಭಾಷಣದಲ್ಲಿ ತಂತ್ರಜ್ಞಾನದ ಅಭಿವೃದ್ಧಿ ಪೂರ್ಣಗೊಂಡಿದೆಯೆಂದೂ 800 ಮೆಗಾವಾಟ್‌ನ ವಾಣಿಜ್ಯ ಸ್ಥಾವರ ನಿರ್ಮಾಣವಾಗಲಿದೆಯೆಂದೂ ಘೋಷಿಸಲಾಯಿತು. ಅಪಾಯದ ಬಹುಪಾಲನ್ನು ಸಾರ್ವಜನಿಕ ಹಣವೇ ಹೊತ್ತಿರುವುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಆದರೆ ದಕ್ಷತೆ ಮತ್ತು ಶುದ್ಧತೆ ಒಂದೇ ಅಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ಕ್ಕಿಂತ ಹೆಚ್ಚು ಬೂದಿಯಿರುತ್ತದೆ. ಉತ್ತಮ ಬಾಯ್ಲರ್ ಕಲ್ಲಿದ್ದಲನ್ನು ಉಳಿಸಬಲ್ಲದೇ ಹೊರತು ಬೂದಿಯನ್ನಾಗಲಿ ಗಂಧಕವನ್ನಾಗಲಿ ಇಲ್ಲವಾಗಿಸದು. ಗಂಧಕದ ಡೈಆಕ್ಸೈಡ್‌ಗೆ 2015ರ ಡಿಸೆಂಬರಿನಲ್ಲಿ ವಿಧಿಸಿದ ಮಿತಿಯ ಗಡುವು ಪದೇ ಪದೇ ಮುಂದೆ ಹೋಯಿತು. 2025ರ ಜುಲೈ ಅಧಿಸೂಚನೆಯು ಬಹುಪಾಲು ಸ್ಥಾವರಗಳಿಗೆ, ಚಿಮಣಿಯ ಎತ್ತರದ ನಿಯಮಕ್ಕೆ ಒಳಪಟ್ಟು, ಅದರಿಂದ ವಿನಾಯಿತಿ ನೀಡಿತು.

ಹೀಗೆ ಇಂಧನ ಉಳಿಸುವ ತಂತ್ರಜ್ಞಾನಕ್ಕೆ ಪಾಲುದಾರರು ದೊರೆತಿದ್ದಾರೆ. ಹೊಗೆ ತೊಳೆಯುವ ತಂತ್ರಜ್ಞಾನವು ಸಿದ್ಧವಾಗಿದ್ದರೂ ಅದರ ವೆಚ್ಚದ ಹೊಣೆಗೆ ಪಾಲುದಾರರು ಕಡಿಮೆ. ಕೃಷ್ಣಾ ತೀರದ ಶಕ್ತಿನಗರದಲ್ಲಿ 1985ರಿಂದ ದೊಡ್ಡ ಒಲೆಯ ಮಗ್ಗುಲಲ್ಲಿ ಬಾಳುತ್ತ ಬಂದ ಜನರ ಅನುಭವವೂ ಈ ಒಪ್ಪಂದಗಳ ಲೆಕ್ಕಕ್ಕೆ ಸೇರಬೇಕಾದುದು ನ್ಯಾಯ. ಒಲೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಅದರ ಮುಂದೆ ಕುಳಿತವರೇ ಹೇಳಬಲ್ಲರು.