ಗಾಜಿನ ಗೋಡೆಯ ಕಾಫಿ ಫ್ಯಾಕ್ಟರಿ

ಫ್ಯಾಕ್ಟರಿ ಅಂದ ತಕ್ಷಣ ಕತ್ತಲು, ಧೂಳು, ಸೆಕೆ ನೆನಪಾಗುತ್ತಾ? ಹಾಗಾದ್ರೆ ಇದನ್ನ ನೋಡಿ.

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್. ಕಾಫಿ, ಟೀ, ತಂಬಾಕು ತಯಾರಾಗ್ತಿದ್ದ ವಾನ್ ನೆಲ್ಲೆ ಫ್ಯಾಕ್ಟರಿ. ಕಟ್ಟಿದ್ದು 1925ರಿಂದ 1931ರ ನಡುವೆ.

ಇಲ್ಲಿನ ಗಾಜಿನ ಗೋಡೆಯ ಗುಟ್ಟು ಇರೋದು ಕಂಬಗಳಲ್ಲಿ. ತಲೆ ಅಗಲವಾದ, ಅಣಬೆ ಆಕಾರದ ಕಾಂಕ್ರೀಟ್ ಕಂಬಗಳೇ ಮಹಡಿಗಳ ಭಾರ ಹೊರುತ್ವೆ. ಹೊರಗೋಡೆಗೆ ಆ ಹೊರೆ ಇಲ್ಲ. ಅದಕ್ಕೇ ಅದು ಬರೀ ಉಕ್ಕು, ಗಾಜು. ಕೆಲಸದ ಮೇಜಿನ ತನಕ ಹಗಲ ಬೆಳಕು!

ಸರಕು ಮೊದಲು ಮೇಲಿನ ಮಹಡಿಗೆ ಹೋಗ್ತಿತ್ತು. ಒಂದೊಂದು ಹಂತ ಮುಗಿದ ಹಾಗೆ ಕೆಳಗಿಳೀತಿತ್ತು. ಅರ್ಧ ಕೆಲಸ ಗುರುತ್ವ ಬಲವೇ ಮಾಡ್ತಿತ್ತು. ಅಲ್ಲಿಂದ ಗಾಜಿನ ಸೇತುವೆಯೊಳಗೆ, ಕನ್ವೇಯರ್ ಮೇಲೆ, ಸೀದಾ ಗೋದಾಮಿಗೆ.

ಕಾರ್ಮಿಕರಿಗೆ ಕ್ಯಾಂಟೀನ್, ಆಟದ ಮೈದಾನ ಕೂಡ ಇತ್ತು. 2014ರಲ್ಲಿ ಈ ಫ್ಯಾಕ್ಟರಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು.

ನೀವೂ ಮಸಾಲೆ, ಗೋಡಂಬಿ ಘಟಕ ಕಟ್ಟಿಸ್ತಿದ್ದೀರಾ? ನಮ್ಮ ಬಿಸಿಲಿಗೆ ಪೂರ್ತಿ ಗಾಜಿನ ಗೋಡೆ ಬೇಡ. ಉತ್ತರಕ್ಕೆ ದೊಡ್ಡ ಕಿಟಕಿ ಇಡಿ. ನೊಣ ನುಗ್ಗದ ಹಾಗೆ ಜಾಲರಿ ಹಾಕಿಸಿ. ಬಿಸಿ ಗಾಳಿ ಹೊರಹೋಗೋಕೆ ಚಾವಣಿಯಲ್ಲಿ ದಾರಿ ಬಿಡಿ. ಯಂತ್ರ ಎಲ್ಲಿ ಕೂರುತ್ತೆ ಅಂತ ಲೆಕ್ಕ ಹಾಕೋ ಮೊದಲು, ಅದರ ಮುಂದೆ ಎಂಟು ಗಂಟೆ ನಿಲ್ಲೋರ ಲೆಕ್ಕ ಹಾಕಿ.