ಶಾಶ್ವತ, ಸಮಗ್ರ, ಸರ್ವತೋಮುಖ: ವೇದಿಕೆಯ ಮಾತು ಮತ್ತು ವರ್ತಕರ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ನಡೆಯುವ ರಾಜಕೀಯ ಸಮಾರಂಭಗಳ ಭಾಷಣಗಳು ಸಾಮಾನ್ಯವಾಗಿ ಚಿನ್ನ, ರೇಷ್ಮೆ, ಹಾಲು ಎಂಬ ಮೂರು ಪದಗಳಿಂದ ಆರಂಭವಾಗಿ ‘ಶಾಶ್ವತ ನೀರಾವರಿ’ ಎಂಬ ಎರಡು ಪದಗಳಲ್ಲಿ ಮುಕ್ತಾಯಗೊಳ್ಳುತ್ತವೆ. ಈ ಪೈಕಿ ಚಿನ್ನದ ಗಣಿಯು 2001ರಲ್ಲಿಯೇ ಮುಚ್ಚಿಹೋಗಿದೆ. ಆದರೂ ಭಾಷಣದಲ್ಲಿ ಅದರ ಉತ್ಪಾದನೆ ಇಂದಿಗೂ ನಿಂತಿಲ್ಲ. ಆರಂಭ ಮತ್ತು ಮುಕ್ತಾಯಗಳ ನಡುವಿನ ಅವಧಿಯನ್ನು ‘ಸರ್ವತೋಮುಖ ಅಭಿವೃದ್ಧಿ’, ‘ಸಮಗ್ರ ಯೋಜನೆ’, ‘ಮಾದರಿ ಕ್ಷೇತ್ರ’, ‘ಹೈಟೆಕ್’, ‘ಪ್ರಾಮಾಣಿಕ ಪ್ರಯತ್ನ’ ಮುಂತಾದ ಪದಪುಂಜಗಳು ತುಂಬುತ್ತವೆ. ಮುಳಬಾಗಿಲು ಮತ್ತು ಶ್ರೀನಿವಾಸಪುರದಂತಹ ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮತ ಕೇಳುವ ಮಾತು ಜನರ ಮನೆಮಾತಾದ ತೆಲುಗಿನಲ್ಲಿ ಆತ್ಮೀಯವಾಗಿ ಹರಿಯುತ್ತದೆ. ಭರವಸೆ ನೀಡುವ ಘಟ್ಟ ಬಂದೊಡನೆ ಅದೇ ಬಾಯಿ ಕಚೇರಿಯ ಸುತ್ತೋಲೆಯ ಕನ್ನಡಕ್ಕೆ ಹೊರಳುತ್ತದೆ.

ಪದಗಳು ಸವಕಲಾದುದಕ್ಕೆ ಸಾಹಿತಿಗಳು ಮರುಗಲಿ, ವರ್ತಕರಿಗೇನು ಎಂಬ ಪ್ರಶ್ನೆ ಸಹಜವಾದುದು. ವೇದಿಕೆಯ ಮಾತು ಗಾಳಿಯಲ್ಲಿ ಕರಗಿಹೋಗುವುದಾದರೆ ಚಿಂತೆಯಿರಲಿಲ್ಲ. ಆದರೆ ಅದು ಬಹುಬೇಗ ವರ್ತಕನ ಕೀರ್ದಿ ಪುಸ್ತಕವನ್ನು ಪ್ರವೇಶಿಸುತ್ತದೆ. ನಾಳೆ ಬರಲಿರುವ ಕಾರ್ಖಾನೆಯನ್ನು ನಂಬಿ ಇಂದೇ ನಿವೇಶನ ಕೊಳ್ಳಲಾಗುತ್ತದೆ, ಸಾಲ ಪಡೆಯಲಾಗುತ್ತದೆ, ಯಂತ್ರಕ್ಕೆ ಮುಂಗಡ ನೀಡಲಾಗುತ್ತದೆ. ಲೆಕ್ಕಪತ್ರ ಮಾನದಂಡ 29ರ ಪ್ರಕಾರ, ಅನಿಶ್ಚಿತ ಘಟನೆಯೊಂದನ್ನು ಅವಲಂಬಿಸಿರುವ ಸಂಭವನೀಯ ಆಸ್ತಿಯನ್ನು ಅಡಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಲೆಕ್ಕ ಪರಿಶೋಧಕರು ಈ ನಿಯಮವನ್ನು ಕಂಪನಿಗಳಿಗೆ ಕಟ್ಟುನಿಟ್ಟಾಗಿ ಅನ್ವಯಿಸುತ್ತಾರೆ. ರಾಜಕೀಯ ಭರವಸೆಗೆ ಅನ್ವಯಿಸುವವರು ವಿರಳ.

ಶ್ರೀನಿವಾಸಪುರದ ರೈಲ್ವೆ ಕೋಚ್ ಕಾರ್ಖಾನೆಯನ್ನೇ ಗಮನಿಸಬಹುದು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವೆಚ್ಚವನ್ನು ಸಮನಾಗಿ ಹಂಚಿಕೊಳ್ಳಬೇಕು, ಭೂಮಿಯನ್ನು ರಾಜ್ಯವು ಒದಗಿಸಬೇಕು ಎಂಬ ಏರ್ಪಾಡಿನ ಈ ಯೋಜನೆಗೆ 2014ರ ಲೋಕಸಭಾ ಚುನಾವಣೆಗೆ ಮುನ್ನ ಶಂಕುಸ್ಥಾಪನೆ ನೆರವೇರಿತು. ಕಾರ್ಖಾನೆ ಬರಲಿಲ್ಲ. ನಂತರದ ವರ್ಷಗಳಲ್ಲಿ ಅದರ ಬದಲಿಗೆ ರೈಲ್ವೆ ವರ್ಕ್‌ಶಾಪ್ ಎಂಬ ಮಾತು ಕೇಳಿಬಂದಿತು. ಪದ ಬದಲಾದಾಗ ಪ್ರಮಾಣವೂ ಕುಗ್ಗಿತೆಂಬುದು ವೇದಿಕೆಯ ಮೇಲೆ ಯಾರಿಗೂ ಮುಖ್ಯವಾಗಲಿಲ್ಲ. ಬೋಲ್ಟು, ಫ್ಯಾಬ್ರಿಕೇಶನ್, ಬಣ್ಣ, ಆಸನದ ಸಾಮಗ್ರಿ ಪೂರೈಸುವ ಸಣ್ಣ ಘಟಕಗಳ ಕನಸು ಕಂಡವರಿಗೆ ಮಾತ್ರ ಅದು ಮುಖ್ಯ. ಹೊಸ ಕೋಚ್ ತಯಾರಿಕೆಗೆ ಬೇಕಾಗುವ ಬಿಡಿಭಾಗಗಳ ಬೇಡಿಕೆಗೂ ಹಳೆಯ ಕೋಚ್‌ಗಳ ದುರಸ್ತಿಯ ಬೇಡಿಕೆಗೂ ಅಜಗಜಾಂತರವಿದೆ.

ನೀರಿನ ವಿಷಯದಲ್ಲಿ ಪದಗಳ ಗೊಂದಲ ಇನ್ನೂ ದುಬಾರಿಯಾಗಿ ಪರಿಣಮಿಸಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಕೆರೆ ಮತ್ತು ಕೊಳವೆಬಾವಿಗಳೇ ಬದುಕಿಗೆ ಆಧಾರ. ಆದುದರಿಂದ ‘ಶಾಶ್ವತ ನೀರಾವರಿ’ ಎಂಬುದು ಮೂಲತಃ ಪೊಳ್ಳು ಘೋಷಣೆಯಲ್ಲ. ರೈತರು ಬೀದಿಗಿಳಿದು, ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿನ ಕಡೆಗೆ ಹೊರಟು ಗಳಿಸಿದ ಪದವದು. ವೇದಿಕೆಗೆ ಏರಿದ ಮೇಲೆ ಅದರ ಅರ್ಥ ಸಡಿಲವಾಯಿತು. ಕುಡಿಯುವ ನೀರು, ಅಂತರ್ಜಲ ಮರುಪೂರಣ ಮತ್ತು ನೀರಾವರಿ ಇವು ಮೂರು ಬೇರೆ ಬೇರೆ ಖಾತೆಗಳು. ಭಾಷಣದಲ್ಲಿ ಮೂರೂ ಒಂದೇ ಖಾತೆಗೆ ಜಮೆಯಾಗುತ್ತವೆ.

ಎತ್ತಿನಹೊಳೆ ಯೋಜನೆಯು ದಾಖಲೆಯ ಪ್ರಕಾರ ಮುಖ್ಯವಾಗಿ ಕುಡಿಯುವ ನೀರಿನ ಯೋಜನೆ. ಏಳು ಜಿಲ್ಲೆಗಳಿಗೆ ಒಟ್ಟು 24.01 ಟಿಎಂಸಿ ಅಡಿ. ಅದರಲ್ಲಿ ಸುಮಾರು 14 ಟಿಎಂಸಿ ಅಡಿ ಕುಡಿಯಲು, ಉಳಿದುದು ಕೆರೆಗಳಿಗೆ. ಇದರಲ್ಲಿ ಕೋಲಾರದ ತೋಟಗಳಿಗೆ ಕಾಲುವೆ ನೀರಾವರಿ ಎಂಬ ಬಾಬ್ತು ಇಲ್ಲ. 2012ರಲ್ಲಿ 8,323 ಕೋಟಿ ರೂಪಾಯಿ ಇದ್ದ ಅಂದಾಜು 2014ರಲ್ಲಿ 12,912 ಕೋಟಿಗೂ, 2023ರಲ್ಲಿ 23,251 ಕೋಟಿಗೂ ಏರಿತು. ಖಾಸಗಿ ಉದ್ಯಮಿಯೊಬ್ಬನ ಯೋಜನಾ ವರದಿಯು ಹೀಗೆ ಎರಡು ಬಾರಿ ಬದಲಾಗಿದ್ದರೆ ಬ್ಯಾಂಕಿನ ವ್ಯವಸ್ಥಾಪಕರು ಮೊದಲ ಪರಿಷ್ಕರಣೆಯಲ್ಲಿಯೇ ಕಡತ ಮುಚ್ಚುತ್ತಿದ್ದರು. 2014ರ ಮಾರ್ಚ್ ತಿಂಗಳಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶಂಕುಸ್ಥಾಪನೆ ಕಂಡ ಈ ಯೋಜನೆಯ ಮೊದಲ ಹಂತಕ್ಕೆ ಚಾಲನೆ ದೊರೆತುದು 2024ರ ಸೆಪ್ಟೆಂಬರ್ 6ರಂದು, ಸಕಲೇಶಪುರ ತಾಲ್ಲೂಕಿನಲ್ಲಿ. ಮುಂದಿನ ಕಾಲುವೆ ಪೂರ್ಣಗೊಂಡಿರದ ಕಾರಣ ಅಂದು ಎತ್ತಿದ ನೀರನ್ನು ವಾಣಿವಿಲಾಸ ಸಾಗರದ ಕಡೆಗೆ ತಿರುಗಿಸಲಾಯಿತು.

ಇದಕ್ಕೆ ಹೋಲಿಸಿದರೆ ಕೆ.ಸಿ. ವ್ಯಾಲಿ ಯೋಜನೆಯ ಭಾಷೆ ಕಾಗದದ ಮೇಲಾದರೂ ಪ್ರಾಮಾಣಿಕವಾಗಿತ್ತೆನ್ನಬೇಕು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ದಿನವೊಂದಕ್ಕೆ 440 ದಶಲಕ್ಷ ಲೀಟರ್‌ನಂತೆ 126 ಕೆರೆಗಳಿಗೆ ಹರಿಸಿ ಅಂತರ್ಜಲ ಹೆಚ್ಚಿಸುವುದು ಅದರ ಘೋಷಿತ ಉದ್ದೇಶ. ಪ್ರಮಾಣವಿದೆ, ಕೆರೆಗಳ ಸಂಖ್ಯೆಯಿದೆ, ಉದ್ದೇಶವಿದೆ. 2018ರ ಜೂನ್ ತಿಂಗಳಿನಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಿತು. ಜುಲೈ ತಿಂಗಳಿನಲ್ಲಿ ನೊರೆ ಕಾಣಿಸಿಕೊಂಡು ವಿಷಯವು ಉಚ್ಚ ನ್ಯಾಯಾಲಯಕ್ಕೂ ತದನಂತರ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಜನರು ಕೇಳಲು ಸಾಧ್ಯವಾದುದು ಯೋಜನೆಯಲ್ಲಿ ಎರಡೇ ಹಂತಗಳೆಂದು ಸ್ಪಷ್ಟವಾಗಿ ಬರೆದಿದ್ದುದರಿಂದ. ‘ಸಮಗ್ರ ಸಂಸ್ಕರಣೆ’ ಎಂದಿದ್ದರೆ ಪ್ರಶ್ನೆಗೆ ಎಡೆಯೇ ಇರುತ್ತಿರಲಿಲ್ಲ.

ಮಾವಿನ ಪಾಠ

ಶ್ರೀನಿವಾಸಪುರದಲ್ಲಿ ಅತಿ ಹೆಚ್ಚು ಬಾರಿ ಉಚ್ಚರಿಸಲ್ಪಡುವ ಪದ ‘ಮೌಲ್ಯವರ್ಧನೆ’. ಮಾವಿನ ಮಾತು ಬಂದೆಡೆಯಲ್ಲೆಲ್ಲ ಅದು ಬರುತ್ತದೆ. 2025ರ ಜೂನ್ ತಿಂಗಳಿನಲ್ಲಿ ಈ ಪದದ ನಿಜವಾದ ಬೆಲೆ ತಿಳಿಯಿತು. ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ತನ್ನ ಬೆಳೆಗಾರರ ಹಿತರಕ್ಷಣೆಗಾಗಿ ಹೊರರಾಜ್ಯದ ತೋತಾಪುರಿ ಮಾವಿನ ಪ್ರವೇಶವನ್ನು ನಿರ್ಬಂಧಿಸಿತು. ಕೋಲಾರ ಜಿಲ್ಲೆಯ ತೋತಾಪುರಿ ತಿರುಳಾಗುತ್ತಿದ್ದುದು ಬಹುಮಟ್ಟಿಗೆ ಚಿತ್ತೂರಿನ ಕಾರ್ಖಾನೆಗಳಲ್ಲಿಯೇ. ಬೆಳೆ ನಮ್ಮದು, ಮೌಲ್ಯವರ್ಧನೆ ನೆರೆಯವರದು ಎಂಬ ಸಂಗತಿ ಮಂಡಿಯ ಪ್ರತಿಯೊಬ್ಬ ದಲ್ಲಾಳಿಗೂ ತಿಳಿದಿತ್ತು. ಬೆಲೆ ಕುಸಿಯಿತು, ಬಂದ್ ನಡೆಯಿತು, ಮುಖ್ಯಮಂತ್ರಿಗಳ ನಡುವೆ ಪತ್ರ ವ್ಯವಹಾರವಾಯಿತು.

ಆ ಬಿಕ್ಕಟ್ಟಿನಿಂದ ಹೊರಬಂದ ಒಂದು ವಾಕ್ಯವು ಮಾತ್ರ ಲೆಕ್ಕಕ್ಕೆ ಸಿಗುವಂತಹುದು. ಕೇಂದ್ರ ಸರ್ಕಾರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲ್‌ಗೆ 1,616 ರೂಪಾಯಿಯ ದರವನ್ನು ನಿಗದಿಗೊಳಿಸಿ, ಗರಿಷ್ಠ 2.5 ಲಕ್ಷ ಟನ್‌ಗಳವರೆಗೆ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿತು. ದರ ಸಾಲದೆಂದು ವಾದಿಸಬಹುದು, ವಾದಿಸುವವರು ಇದ್ದರು. ಆದರೆ ವಾದಿಸಲು ಒಂದು ಸಂಖ್ಯೆಯಿತ್ತು. ‘ರೈತರ ಕೈ ಬಿಡುವುದಿಲ್ಲ’ ಎಂಬ ಮಾತಿನೊಡನೆ ಯಾರು ಹೇಗೆ ವಾದಿಸಬೇಕು?

ಉಳಿದ ಪದಗಳು ಇದೇ ಜಾತಿಯವು. ಚೆನ್ನೈ-ಬೆಂಗಳೂರು ಕೈಗಾರಿಕಾ ‘ಕಾರಿಡಾರ್’ ಎಂಬುದು ಕೋಲಾರದ ಭಾಷಣಗಳಲ್ಲಿ ಬಹುಕಾಲ ಮೊಳಗಿತು. ಅದಕ್ಕೆ ಆಯ್ಕೆಯಾದ ಕೇಂದ್ರಗಳು ಕೃಷ್ಣಪಟ್ಟಣಂ, ಪೊನ್ನೇರಿ ಮತ್ತು ತುಮಕೂರು. ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯು ಮಾಲೂರು, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯಿಂದ ಸಾಗುತ್ತದೆ, ಹಳೆಯ ಹೆದ್ದಾರಿಯನ್ನು ನೆಚ್ಚಿಕೊಂಡಿರುವ ಮುಳಬಾಗಿಲಿನ ಹೋಟೆಲು, ಗ್ಯಾರೇಜುಗಳವರಿಗೆ ‘ಸಂಪರ್ಕ ಕ್ರಾಂತಿ’ ಎಂಬ ಪದದ ಅರ್ಥ ಮಾಲೂರಿನವರಿಗಿಂತ ಬೇರೆಯೇ ಆಗಿರುತ್ತದೆ. ಇನ್ನು ಸಣ್ಣ ಕೈಗಾರಿಕೆಗಳನ್ನು ‘ದೇಶದ ಆರ್ಥಿಕತೆಯ ಬೆನ್ನೆಲುಬು’ ಎಂದು ಕರೆಯದ ಸಚಿವರಿಲ್ಲ. ಈ ಬೆನ್ನೆಲುಬಿಗೆ ನಿಜವಾದ ಬಲ ನೀಡಿದುದು 2006ರ ಕಾಯ್ದೆಯ ಎರಡು ಒಣ ಕಲಮುಗಳು: ಖರೀದಿದಾರನು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2023ರ ಹಣಕಾಸು ಕಾಯ್ದೆಯು ಸಣ್ಣ ಘಟಕಗಳಿಗೆ ಈ ಅವಧಿಯೊಳಗೆ ಪಾವತಿಸದ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಆ ವರ್ಷದ ಖರ್ಚೆಂದು ಒಪ್ಪುವುದಿಲ್ಲವೆಂದಿತು. ಅಲ್ಲಿಯವರೆಗೆ ಅಲುಗದಿದ್ದ ಬಾಕಿಗಳು ಮಾರ್ಚ್ ತಿಂಗಳಿನಲ್ಲಿ ಅಲುಗಿದುದನ್ನು ಅನೇಕ ಘಟಕಗಳವರು ಕಂಡಿದ್ದಾರೆ.

ಕಾನೂನಿನ ನೆರವು ದೊರೆಯುವುದೇ ಎಂದರೆ ನಿರಾಶೆಯೇ ಉತ್ತರ. ಚುನಾವಣಾ ಪ್ರಣಾಳಿಕೆಯ ಭರವಸೆಗಳು ಭ್ರಷ್ಟ ಆಚರಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ ತಿಂಗಳಿನಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಹೇಳಿತು. ಅದರ ನಿರ್ದೇಶನದಂತೆ ಚುನಾವಣಾ ಆಯೋಗವು ಭರವಸೆಗಳ ತರ್ಕವನ್ನೂ ಹಣಕಾಸಿನ ಮೂಲವನ್ನೂ ಪ್ರಣಾಳಿಕೆಯಲ್ಲಿ ಸೂಚಿಸಬೇಕೆಂದು ನೀತಿ ಸಂಹಿತೆಗೆ ಸೇರಿಸಿತು; ಸೂಚಿಸದವರಿಗೆ ದಂಡನೆಯಿಲ್ಲ. ಕೋಲಾರದ ವೇದಿಕೆಯ ಮಾತೊಂದು ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. 2019ರ ಏಪ್ರಿಲ್ 13ರಂದು ಇಲ್ಲಿ ರಾಹುಲ್ ಗಾಂಧಿಯವರು ಉಪನಾಮವೊಂದರ ಬಗ್ಗೆ ಆಡಿದ ಮಾತಿಗೆ 2023ರ ಮಾರ್ಚ್ ತಿಂಗಳಿನಲ್ಲಿ ಸೂರತ್ ನ್ಯಾಯಾಲಯವು ಎರಡು ವರ್ಷಗಳ ಶಿಕ್ಷೆ ವಿಧಿಸಿತು. ಆಗಸ್ಟ್ 4ರಂದು ಸರ್ವೋಚ್ಚ ನ್ಯಾಯಾಲಯವು ಅಪರಾಧ ನಿರ್ಣಯಕ್ಕೆ ತಡೆ ನೀಡಿತು. ನೋಯಿಸಿದ ಮಾತಿಗೆ ದಾವೆಯುಂಟು, ನಂಬಿಸಿದ ಮಾತಿಗಿಲ್ಲ.

ತಪ್ಪು ಒಂದೇ ಕಡೆಯದೆಂದು ಹೇಳುವುದು ನ್ಯಾಯವಲ್ಲ. ವರ್ತಕರ ಸಂಘಗಳು ಸಚಿವರಿಗೆ ಅರ್ಪಿಸುವ ಮನವಿ ಪತ್ರಗಳನ್ನು ತೆರೆದು ನೋಡಬೇಕು. ‘ಸೂಕ್ತ ಕ್ರಮ ಕೈಗೊಳ್ಳಬೇಕು’, ‘ಅಗತ್ಯ ಮೂಲಸೌಕರ್ಯ ಒದಗಿಸಬೇಕು’, ‘ವಿಶೇಷ ಗಮನ ಹರಿಸಬೇಕು’ ಎಂಬ ಕೋರಿಕೆಗೆ ‘ಪರಿಶೀಲಿಸಲಾಗುವುದು’ ಎಂಬುದಕ್ಕಿಂತ ಉತ್ತಮ ಉತ್ತರ ಹೇಗೆ ತಾನೆ ಬಂದೀತು? ಹಾರ, ಶಾಲು, ಛಾಯಾಚಿತ್ರಗಳೊಡನೆ ಎರಡೂ ಕಡೆಯ ಪೊಳ್ಳು ಪದಗಳು ಪರಸ್ಪರ ವಜಾ ಆಗುತ್ತವೆ. ಕೋರಿಕೆಯಲ್ಲಿ ಮೊತ್ತ, ಲೆಕ್ಕ ಶೀರ್ಷಿಕೆ, ಹೊಣೆಗಾರ ಇಲಾಖೆ ಮತ್ತು ದಿನಾಂಕವಿದ್ದರೆ ಉತ್ತರಿಸುವವರಿಗೆ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎನ್ನದೆ ವಿಧಿಯಿಲ್ಲ. ‘ಆಗುವುದಿಲ್ಲ’ ಎಂಬ ಉತ್ತರವೂ ವರ್ತಕನಿಗೆ ಉಪಯುಕ್ತವೇ. ಕನಿಷ್ಠ ಪಕ್ಷ ಅವನು ನಿವೇಶನಕ್ಕೆ ಮುಂಗಡ ಕೊಡುವುದಿಲ್ಲ.

ರಾಜ್ಯದ ಆಯವ್ಯಯವು ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್ ತಿಂಗಳಿನಲ್ಲಿ ಮಂಡನೆಯಾಗುತ್ತದೆ. ತೋತಾಪುರಿ ಮಂಡಿಗೆ ಬರುವುದು ಜೂನ್ ತಿಂಗಳಿನಲ್ಲಿ. ಶ್ರೀನಿವಾಸಪುರದಲ್ಲಿ ಎಷ್ಟು ಟನ್ ಸಾಮರ್ಥ್ಯದ ತಿರುಳು ಘಟಕ, ಯಾರ ಬಂಡವಾಳದಲ್ಲಿ, ಯಾವ ಹಂಗಾಮಿಗೆ ಎಂಬ ಪ್ರಶ್ನೆಯನ್ನು ಜನವರಿಯಲ್ಲಿಯೇ ಲಿಖಿತವಾಗಿ ಕೇಳಿದಲ್ಲಿ ಉತ್ತರವೂ ಲಿಖಿತವಾಗಿ ಬರಬೇಕಾಗುತ್ತದೆ. ಜೂನ್ ತಿಂಗಳಿನಲ್ಲಿ ಲಾರಿಗಳು ಗಡಿಯಲ್ಲಿ ನಿಂತ ಮೇಲೆ ಕೇಳಿದರೆ ಸಿಗುವುದು ಭಾಷಣ ಮಾತ್ರ.