ನಮ್ಮ ನಂತರ ಈ ಮಗುವಿನ ಗತಿ ಏನು?

ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ತಂದೆತಾಯಿಗಳೊಡನೆ ಎಲ್ಲಿಂದ ಮಾತು ಆರಂಭಿಸಿದರೂ ಅದು ಬಂದು ನಿಲ್ಲುವುದು ಈ ಪ್ರಶ್ನೆಯಲ್ಲೇ. ಉತ್ತರದ ಮೊದಲ ಪಾಲು ಅಂಗಿಯ ಗುಂಡಿಯಲ್ಲಿದೆ ಎಂದರೆ ನಗಬೇಡಿ.

ಹಿಂದೆ ಬುದ್ಧಿಮಾಂದ್ಯತೆ ಎನ್ನುತ್ತಿದ್ದುದನ್ನು ಈಗ ಬೌದ್ಧಿಕ ವಿಕಲತೆ ಎನ್ನುತ್ತಾರೆ. ಇದು ಹುಚ್ಚಲ್ಲ, ಯಾರ ಕರ್ಮಫಲವೂ ಅಲ್ಲ. ವರ್ಣತಂತುಗಳ ವ್ಯತ್ಯಾಸ, ಹೆರಿಗೆಯ ವೇಳೆ ಮೆದುಳಿಗೆ ಆಮ್ಲಜನಕ ಸಾಲದಿರುವುದು, ಮೆದುಳಿನ ಸೋಂಕು ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ವಾಸಿ ಮಾಡುತ್ತೇವೆನ್ನುವವರ ಔಷಧಿಗೆ ಹಣ ಸುರಿಯಬೇಡಿ. ಮಗು ಕಲಿಯುತ್ತದೆ, ಆದರೆ ನಿಧಾನವಾಗಿ.

"ಪಾಪ, ಅವನಿಗೇನು ತಿಳಿಯುತ್ತೆ" ಎಂದು ಹತ್ತು ವರ್ಷದ ಹುಡುಗನಿಗೂ ತಾಯಿಯೇ ಅಂಗಿ ತೊಡಿಸುತ್ತಾಳೆ. ಅಕ್ಕರೆಯೇನೋ ನಿಜ, ಆದರೆ ಕಲಿಯುವ ಅವಕಾಶ ತಪ್ಪುತ್ತದೆ. ಗುಂಡಿಗಳನ್ನೆಲ್ಲ ನೀವು ಹಾಕಿ, ಕೊನೆಯದೊಂದನ್ನು ಅವನಿಗೆ ಬಿಡಿ. ಅದು ರೂಢಿಯಾದ ಮೇಲೆ ಕೊನೆಯ ಎರಡನ್ನು ಬಿಡಿ. ಹೀಗೆ ಮಾಡಿದಾಗ ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ತಕ್ಷಣ ಶಹಭಾಸ್ ಹೇಳಿ. ಊಟ, ಸ್ನಾನ, ಶೌಚ, ಹೆಣ್ಣುಮಗುವಾದರೆ ಮುಟ್ಟಿನ ದಿನಗಳ ಶುಚಿ, ಎಲ್ಲವನ್ನೂ ಹೀಗೆಯೇ ಬಿಡಿಬಿಡಿಯಾಗಿ ಕಲಿಸಬಹುದು. ಅಪರಿಚಿತರಿರಲಿ, ಬಂಧುಗಳಿರಲಿ, ಮೈಮುಟ್ಟಲು ಬಂದರೆ "ಬೇಡ" ಎನ್ನುವುದನ್ನೂ ಕಲಿಸಿ. ನಾವು ಸಂಕೋಚದಿಂದ ಬಿಟ್ಟುಬಿಡುವ ಪಾಠ ಇದು.

ಇನ್ನು ಶಾಲೆಯ ಮಾತು. ವಿಕಲತೆ ಶೇಕಡಾ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಕಾಯಿದೆ ಕೊಟ್ಟಿರುವ ಹಕ್ಕು. ನೆರೆಯ ಶಾಲೆಗೂ ಸೇರಬಹುದು, ವಿಶೇಷ ಶಾಲೆಗೂ ಸೇರಬಹುದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯವರು "ಬೇರೆ ಮಕ್ಕಳಿಗೆ ತೊಂದರೆ" ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ.

ಮಗುವಿಗೆ 18 ತುಂಬಿದಾಗ ಬಹುಪಾಲು ಪಾಲಕರು ಅರಿಯದ ಒಂದು ತೊಡಕು ಎದುರಾಗುತ್ತದೆ. ಅಲ್ಲಿಂದಾಚೆಗೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ, ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿಯಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿಕೊಳ್ಳಬೇಕು. ತಂದೆತಾಯಿಯಷ್ಟೇ ಅಲ್ಲ, ಬಂಧುಗಳೂ ಅರ್ಜಿ ಹಾಕಬಹುದು. ನೇಮಕವಾದ ಪೋಷಕರು 6 ತಿಂಗಳೊಳಗೆ ಮಗುವಿನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷವೂ ಲೆಕ್ಕ ಒಪ್ಪಿಸಬೇಕು. ಕಡೆಗಣಿಸಿದರೆ, ಆಸ್ತಿ ದುರುಪಯೋಗ ಮಾಡಿದರೆ ಅವರನ್ನು ತೆಗೆದುಹಾಕಲೂಬಹುದು, ಒಡಹುಟ್ಟಿದ ಅಣ್ಣನೇ ಆದರೂ ಸರಿ.